ಹೆಜ್ಜೆಯಕ್ಕ ಕಾಲು ವಾಪಸ್ ಕೇಳಿದ್ದು

ಸಿನಿಮಾದಲ್ಲಿ ಹೀರೋ ನಡೆದು ಬರುತ್ತಾನಲ್ಲ, ಟಕ್ ಟಕ್ ಟಕ್ ಅಂತ, ನಿಮ್ಮ ಮೈ ಜುಮ್ಮೆನ್ನುತ್ತದಲ್ಲ, ಆ ಕಾಲು ಹೀರೋನದಲ್ಲ. ಅದು ಹೆಜ್ಜೆಯಕ್ಕನ ಕಾಲು.

ಬೇಜಾರಾಯಿತೇ? ಆಗಲಿ ಬಿಡಿ. ಶೂಟಿಂಗಿನಲ್ಲಿ ಮೈಕು ಹಿಡಿಯುವುದು ಮಾತನ್ನು ಮಾತ್ರ. ಹೆಜ್ಜೆ, ಬಳೆ, ಬಾಗಿಲು, ಬಟ್ಟೆಯ ಸರಸರ, ಕಪಾಳಮೋಕ್ಷ, ಮೂಳೆ ಮುರಿತ, ಇವನ್ನೆಲ್ಲ ಆಮೇಲೆ ಯಾರೋ ಒಬ್ಬರು ಪರದೆ ನೋಡುತ್ತ ಕೈಕಾಲಿನಲ್ಲಿ ಮಾಡಿ ಅಂಟಿಸಬೇಕು. ಆ ಯಾರೋ ಒಬ್ಬರು ಇವಳು. ನಲವತ್ತೊಂದು ವರ್ಷದ ಹೆಂಗಸು. ಇಪ್ಪತ್ತು ವರ್ಷದಿಂದ ಒಂದು ಸ್ಟುಡಿಯೋದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ನಿಂತಲ್ಲೇ ನಡೆಯುತ್ತಿದ್ದಾಳೆ. ರಾಜನಾಗಿ ನಡೆದಿದ್ದಾಳೆ, ಪೊಲೀಸಾಗಿ ಓಡಿದ್ದಾಳೆ, ಮದುಮಗಳಾಗಿ ನಾಚಿದ್ದಾಳೆ, ದೆವ್ವವಾಗಿ ಮೆಟ್ಟಿಲು ಇಳಿದಿದ್ದಾಳೆ. ಅಷ್ಟು ನಡೆದರೂ ಒಂದು ಗೇಣು ಮುಂದೆ ಹೋಗಿಲ್ಲ. ಮಂಡಿ ಮಾತ್ರ ಸವೆದಿದೆ.

ಕೋಣೆಯ ನೆಲದಲ್ಲಿ ಆರು ಚೌಕಗಳಿವೆ. ಕಲ್ಲು, ಮರ, ಮರಳು, ಜಲ್ಲಿ, ಟೈಲ್ಸು, ಒಣಗಿದ ಎಲೆ. ಗೋಡೆಗೆ ಸಾಲಾಗಿ ಮೂವತ್ತೆಂಟು ಜೊತೆ ಹಳೇ ಬೂಟು, ಚಪ್ಪಲಿ. ಅವು ಸ್ಟುಡಿಯೋದವಲ್ಲ. ಅವಳ ಅಮ್ಮ ನೆಲ ಒರೆಸುತ್ತಿದ್ದ ಮನೆಗಳಲ್ಲಿ ಎಸೆದವು. ಅಮ್ಮ ಒಂದೊಂದನ್ನೂ ತೊಳೆದು, ಅಟ್ಟೆ ಹೊಲಿದು ತಂದಿಟ್ಟಿದ್ದಾಳೆ.

ಹೆಜ್ಜೆಯಕ್ಕನ ಎಡತೊಡೆಯ ಮೇಲೊಂದು ಕಪ್ಪು ಕಲೆಯಿದೆ, ಅಂಗೈ ಅಗಲದ್ದು. ಇಪ್ಪತ್ತು ವರ್ಷ ಹೀರೋಗಳು ಖಳರಿಗೆ ಬಾರಿಸಿದ ಏಟೆಲ್ಲ ಬಿದ್ದದ್ದು ಅಲ್ಲಿ. ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಗೆ ಬೀಸಿದರೆ ಕೆನ್ನೆಗೆ ಬಿದ್ದ ಸದ್ದು ಬರುತ್ತದೆ. ದಿಂಬಿಗೆ ಹೊಡೆದರೆ ಬರುವುದಿಲ್ಲ, ನೋಡಿಯಾಗಿದೆ. ಮಾಂಸವೇ ಬೇಕು. ಹೀರೋಗೆ ಶಿಳ್ಳೆ, ಖಳನಿಗೆ ಮೇಕಪ್ಪು, ತೊಡೆ ಇವಳದು.

ಅವಳ ಕಿವಿ ಅಂಥಾದ್ದು. ಎರಡು ಮಹಡಿ ಮೇಲೆ ನಲ್ಲಿ ತೊಟ್ಟಿಕ್ಕಿದರೆ ಕೇಳುತ್ತದೆ. ಟ್ಯೂಬ್‌ಲೈಟಿನ ಗುಂಯ್ ಕೇಳಿ ಹಲ್ಲು ಜುಮ್ಮೆನ್ನುತ್ತದೆ. ಬೀದಿಯಲ್ಲಿ ಈ ಕಿವಿ ಪ್ರಾಣ ತಿನ್ನುತ್ತದೆ, ಈ ಕೋಣೆಯಲ್ಲಿ ಅದೇ ಅನ್ನ ಹಾಕುತ್ತದೆ. ಪರದೆಯ ಮೇಲೆ ಕಾಲು ನೆಲಕ್ಕೆ ತಾಗಿದ ಗಳಿಗೆಗೇ ಸದ್ದು ಹುಟ್ಟಬೇಕು, ಒಂದು ಕೂದಲೆಳೆ ಹಿಂದೆ ಮುಂದೆ ಆಗಬಾರದು. ಅದಕ್ಕೆ ಸಿಂಕ್ ಅನ್ನುತ್ತಾರೆ. ಇವಳ ಸಿಂಕ್ ತಪ್ಪಿದ್ದನ್ನು ಕಂಡವರಿಲ್ಲ. ಒಂದು ಟೇಕು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವಳು ಬೆರಳುಗಳನ್ನು ಗಾಳಿಯಲ್ಲಿ ಪಟಪಟ ಆಡಿಸುತ್ತಾಳೆ, ಗಂಟಲಲ್ಲೇ ಗುನುಗುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ. ಕತ್ತಲ ಕೋಣೆ, ಕೇಳುವವರು ಯಾರು? ಗಾಜಿನಾಚೆ ಕೂತು ರೆಕಾರ್ಡ್ ಮಾಡುವವನಿಗೆ ಗಾಜಣ್ಣ ಅಂತಲೇ ಹೆಸರು. ಮಹಾ ಪುಕ್ಕಲ. ಆದರೆ ಹದಿನೈದು ವರ್ಷದ ಹಿಂದೆ ಅವನು ಒಂದು ದಿನ ಸುಮ್ಮನೆ ಎದ್ದು ಬಂದು ಈ ಕೋಣೆಯ ಟ್ಯೂಬ್‌ಲೈಟ್ ಕಿತ್ತು ಬಲ್ಬು ಹಾಕಿದ. ಯಾಕೆ ಅಂತ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ತನಗಿರುವುದು ಆಟಿಸಂ ಅಂತ ಅವಳಿಗೆ ಗೊತ್ತಾದದ್ದೇ ಮೂವತ್ತನಾಲ್ಕನೇ ವಯಸ್ಸಿಗೆ. ಅದಕ್ಕೆ ಮುಂಚೆ ಬೇರೆ ಹೆಸರುಗಳಿದ್ದವು. ಮೊದ್ದು, ಪೆದ್ದಿ, ಅರೆಹುಚ್ಚಿ. ಮುಖ ನೋಡಿ ಮಾತಾಡು ಅಂತ ಮೇಷ್ಟ್ರು ಸ್ಕೇಲಿನಲ್ಲಿ ಬೆರಳ ಗೆಣ್ಣಿಗೆ ಹೊಡೆದರು. ಬಾಯಿ ಬಿಡಿಸುತ್ತೇನೆ ಅಂತ ಸೋದರಮಾವ ಹೊಡೆದ. ಮಕ್ಕಳನ್ನು ತಿದ್ದುವ ಶಾಲೆ ಅಂತ ಒಂದಿತ್ತು, ಅಲ್ಲಿ ಬೆರಳಾಡಿಸಬಾರದೆಂದು ಎರಡು ವರ್ಷ ಅವಳ ಕೈಗಳನ್ನು ಕುರ್ಚಿಗೆ ಕಟ್ಟಿದರು. ಹೊಡೆಯದೆ ಇದ್ದವಳು ಒಬ್ಬಳೇ, ಅವಳ ಅಮ್ಮ.

ಆದರೆ ಆ ಕಾಲದ ದೊಡ್ಡ ಡಾಕ್ಟರು ಬೆರಳು ತೋರಿಸಿದ್ದು ಅಮ್ಮನ ಕಡೆಗೇ. "ನೀನು ಎತ್ತಿ ಮುದ್ದಾಡಿಲ್ಲ ಕಣಮ್ಮ. ತಾಯಿ ತಣ್ಣಗಿದ್ರೆ ಮಗು ಹಿಂಗೇ ಮುಚ್ಕೊಂಡುಬಿಡುತ್ತೆ." ಆರು ವರ್ಷದ ಮಗು ಮುಟ್ಟಿದರೆ ಕಿರುಚುತ್ತಿತ್ತು, ಮುದ್ದಾಡುವುದು ಹೇಗೆ? ಅದನ್ನು ಕೇಳುವ ಪುರುಸೊತ್ತು ಡಾಕ್ಟರಿಗೆ ಇರಲಿಲ್ಲ. ನಾಲ್ಕು ಮನೆ ನೆಲ ಒರೆಸಿ ಬಂದಿದ್ದ ಅಮ್ಮ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು, ಇಪ್ಪತ್ತೆಂಟು ವರ್ಷ ಗಂಟು ಬಿಚ್ಚಲಿಲ್ಲ. ನಿನ್ನಿಂದಲೇ ಅಂತ ನೆಂಟರು ಆಡಿಕೊಂಡರು. ಅದೇ ಮಾತು ಹೇಳಿ ಗಂಡ ಎದ್ದು ಹೋದ. ಕೊನೆಗೆ ಸಿಕ್ಕ ಒಬ್ಬ ಡಾಕ್ಟರಮ್ಮ, "ಇದು ಹುಟ್ಟಿನಿಂದ ಬಂದಿದ್ದು, ಯಾರ ತಪ್ಪೂ ಅಲ್ಲ" ಎಂದಾಗ ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು.

"ಸ್ಟುಡಿಯೋದಲ್ಲಿ ಬಾಯಿ ಬಿಡಬೇಡ ಕಣೇ. ಗೊತ್ತಾದ್ರೆ ಅನ್ನಕ್ಕೆ ಕಲ್ಲು ಬೀಳುತ್ತೆ."

ಹೆಜ್ಜೆಯಕ್ಕ ಏಳು ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ಆ ಸಿನಿಮಾ ಬಂತು.

ಆ ಸಿನಿಮಾದ ಹೀರೋಗೆ ಆಟಿಸಂ. ಬಂದದ್ದು ಹೇಗೆ? ಚಿಕ್ಕಂದಿನಲ್ಲಿ ತಾಯಿ ಬೆಲ್ಟಿನಲ್ಲಿ ಬಾರಿಸಿ ಕತ್ತಲ ಕೋಣೆಗೆ ಹಾಕಿದಳು, ಬಂತು. ನೆಗಡಿ ಬಂದ ಹಾಗೆ. ಹೋದದ್ದು ಹೇಗೆ? ಹೀರೋಯಿನ್ ಮಳೆಯಲ್ಲಿ ತಬ್ಬಿಕೊಂಡಳು, ಹೋಯಿತು. ನಡುವೆ ಎರಡು ಗಂಟೆ ಅವನು ಕತ್ತು ಓರೆ ಮಾಡಿಕೊಂಡು ತಿರುಗುತ್ತಾನೆ, ಯಾವ ತಾರೀಖು ಯಾವ ವಾರ ಅಂತ ಹೇಳುತ್ತಾನೆ, ಪೊಲೀಸರಿಗೆ ಸಿಗದ ಕಳ್ಳರನ್ನು ಲೆಕ್ಕ ಹಾಕಿ ಹಿಡಿದುಕೊಡುತ್ತಾನೆ. ತಬ್ಬಿಕೊಂಡ ಮರುಗಳಿಗೆ ಕತ್ತು ನೆಟ್ಟಗಾಗುತ್ತದೆ, ಒಂದು ಹಾಡು ಹಾಡುತ್ತಾನೆ, ಹನ್ನೊಂದು ಜನರ ಹಲ್ಲು ಉದುರಿಸುತ್ತಾನೆ. ವಾಸಿಯಾಯಿತು ಅನ್ನುವುದಕ್ಕೆ ಅದೇ ಗುರುತು.

ಪಾತ್ರಕ್ಕಾಗಿ ಹೀರೋ ಆಳವಾದ ಅಧ್ಯಯನ ಮಾಡಿದ್ದನಂತೆ. ಒಂದು ವಿಶೇಷ ಶಾಲೆಗೆ ಹೋಗಿ ಮುಕ್ಕಾಲು ಗಂಟೆ ಇದ್ದ. ಫೋಟೋ ತೆಗೆಸಿಕೊಂಡ, ಕೇಕು ಕತ್ತರಿಸಿದ, ಕಣ್ಣೊರೆಸಿಕೊಂಡು ಬಂದ. ಕೇಕು ಚೆನ್ನಾಗಿತ್ತಂತೆ.

ಎಂಟ್ರಿ, ಹೊಡೆದಾಟದ ರೀಲುಗಳಿಗೆ ಹೋದ ವಾರವೇ ಸದ್ದು ಹಾಕಿಯಾಗಿತ್ತು. ಆ ದಿನ ಹೀರೋ ಆಟಿಸಂನಲ್ಲಿ ನಡೆಯುವ ರೀಲುಗಳು. ಕಥೆ ಎಷ್ಟೇ ತಲೆಹರಟೆಯದಾಗಿದ್ದರೂ ಹೆಜ್ಜೆಯಕ್ಕನ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಚಿಗುರಿತ್ತು. ಇಷ್ಟು ವರ್ಷ ಅವರಿವರ ನಡಿಗೆ ನಡೆದದ್ದಾಯಿತು. ಇವನು ನನ್ನಂಥವನು. ಇವನಿಗೆ ನನ್ನದೇ ನಡಿಗೆ ಕೊಡೋಣ. ಬೆರಳ ತುದಿ ಮೊದಲು, ಹಿಮ್ಮಡಿ ಆಮೇಲೆ, ಗೋಡೆ ಬದಿ ಹಿಡಿದು, ಯಾವ ಸದ್ದು ಎಲ್ಲಿಂದ ಮೇಲೆ ಬೀಳುತ್ತದೋ ಎಂದು ಕಾದಿರುವ ನಡಿಗೆ. ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಸ್ಟುಡಿಯೋಗೆ ದಿನವೂ ನಡೆಯುವ ನಡಿಗೆ. ಅದನ್ನೇ ಕಲ್ಲಿನ ಚೌಕದ ಮೇಲೆ ನಡೆದಳು. ಗಾಜಣ್ಣ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದ.

ಕೋಣೆಯ ಮೂಲೆಯಲ್ಲಿ ಕೂತಿದ್ದ ನಿರ್ದೇಶಕ ಮುಖ ಸಿಂಡರಿಸಿದ.

"ಏನಮ್ಮಾ ಇದು? ಆಟಿಸಂ ಬರ್ತಾನೇ ಇಲ್ಲ."

ಇನ್ನೊಂದು ಟೇಕು. ಬರಲಿಲ್ಲ. ಮತ್ತೊಂದು. ಬರಲಿಲ್ಲ. ಹತ್ತೊಂಬತ್ತು ಟೇಕು ಆಯಿತು. ಮಂಡಿ ಬಾತುಕೊಂಡಿತು. ಹಿಮ್ಮಡಿ ಒಡೆದು ಕಲ್ಲಿನ ಮೇಲೆ ರಕ್ತದ ಬೊಟ್ಟು ಬಿತ್ತು.

"ನೋಡಮ್ಮಾ, ಆಟಿಸಂ ಅಂದ್ರೆ ಏನು ಅಂತ ನಿಂಗೆ ಗೊತ್ತಾ? ಪಾಪ, ನಿಂಗೆ ಹೆಂಗೆ ಗೊತ್ತಿರುತ್ತೆ ಬಿಡು. ನೋವು ಬೇಕಮ್ಮಾ, ಕಾಲಲ್ಲಿ ನೋವು ಬೇಕು! ಇದು ಯಾರೋ ತರಕಾರಿ ತರೋಕೆ ಹೊರಟ ಹಾಗಿದೆ."

ಅವಳು ನಿಜವಾಗಿಯೂ ದಿನಾ ಸಂಜೆ ತರಕಾರಿ ತರಲು ಹೋಗುತ್ತಿದ್ದಳು. ಅದೇ ನಡಿಗೆಯಲ್ಲಿ. ಅಮ್ಮನ ಮಾತು ನೆನೆದು ಕಲ್ಲಿನ ಮೇಲಿನ ರಕ್ತ ಒರೆಸಿದಳು.

"ನಾಳೆ ಹೀರೋನ್ನೇ ಕರ್ಕೊಂಡು ಬರ್ತೀನಿ. ಅವರೇ ಕಲಿಸಿಕೊಡ್ತಾರೆ," ಎಂದು ನಿರ್ದೇಶಕ ಎದ್ದ.

ಮರುದಿನ ಹೀರೋ ಬಂದ. ಕತ್ತಲ ಕೋಣೆಯಲ್ಲೂ ಕಪ್ಪು ಕನ್ನಡಕ. ಕನ್ನಡಕ ತೆಗೆದ, ಬೂಟು ಬಿಚ್ಚಿದ, ಕಣ್ಣು ಮುಚ್ಚಿ ಎರಡು ನಿಮಿಷ ಉಸಿರೆಳೆದ. ಆಮೇಲೆ ಕತ್ತು ವಾಲಿಸಿ, ಒಂದು ಕೈಯನ್ನು ಸುಟ್ಟ ಹಪ್ಪಳದ ಹಾಗೆ ಮುದುರಿಕೊಂಡು, ಹಿಮ್ಮಡಿ ಎಳೆಯುತ್ತ ಕಲ್ಲಿನ ಚೌಕದ ಮೇಲೆ ಹೊರಟ. ಹುಟ್ಟಿದಾಗಿಂದ ಆಟಿಸಂ ಇರುವ ಹೆಂಗಸಿಗೆ ಆಟಿಸಂ ಹೇಗೆ ನಡೆಯುತ್ತದೆಂದು ತೋರಿಸಿಕೊಟ್ಟ. ನಿರ್ದೇಶಕ ಚಪ್ಪಾಳೆ ತಟ್ಟಿದ. ಅವನ ಕಣ್ಣಲ್ಲಿ ನೀರೂ ಬಂತು.

ಹೆಜ್ಜೆಯಕ್ಕ ಅವನ ಕಾಲನ್ನೇ ನೋಡುತ್ತಿದ್ದಳು.

"ಏನನ್ನಿಸ್ತು?" ಹೀರೋ ಕೇಳಿದ, ಸುಸ್ತಾದವನ ದನಿಯಲ್ಲಿ.

"ಕುಡಿದವರ ನಡಿಗೆ. ಹೋದ ವರ್ಷದ ಸಿನಿಮಾದಲ್ಲಿ ಕುಡುಕನ ಪಾತ್ರ ಮಾಡಿದ್ರಲ್ಲ, ಆಗಲೂ ಹಿಂಗೇ ನಡೆದಿದ್ರಿ. ನಾನೇ ಸದ್ದು ಹಾಕಿದ್ದು."

ಗಾಜಣ್ಣನಿಗೆ ಕೆಮ್ಮು ಬಂತು. ಹೀರೋ ಕನ್ನಡಕ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತ. ನಿರ್ದೇಶಕನ ಮುಖ ಕೆಂಪಗಾಯಿತು, ಆದರೆ ಬಿಡುಗಡೆಗೆ ಉಳಿದದ್ದು ಐದೇ ದಿನ, ಹೆಜ್ಜೆ ಹಾಕುವವಳು ಇವಳೊಬ್ಬಳೇ.

"ನಡಿಗೆ ಆಮೇಲೆ ನೋಡೋಣ. ಮೊದಲು ಏಟಿನ ರೀಲು ಹಾಕಯ್ಯಾ."

ಅಷ್ಟು ಹೊತ್ತಿಗೆ ಒಂದು ಗಂಟೆ. ದಿನವೂ ಒಂದು ಗಂಟೆಗೆ ಅಮ್ಮ ಊಟದ ಡಬ್ಬಿ ತರುತ್ತಾಳೆ, ಯಾಕೆಂದರೆ ಕ್ಯಾಂಟೀನಿನ ತಟ್ಟೆ ಲೋಟಗಳ ಗಲಾಟೆಯಲ್ಲಿ ಮಗಳಿಗೆ ತುತ್ತು ಇಳಿಯುವುದಿಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಸದ್ದಾಗದ ಹಾಗೆ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಹೆಜ್ಜೆಯಕ್ಕನಿಗೆ ಅವಳು ಬಂದದ್ದು ಗೊತ್ತಾಯಿತು. ಈ ರೀಲಿನ ವಿಷಯ ಅವಳು ಮನೆಯಲ್ಲಿ ಹೇಳಿರಲಿಲ್ಲ.

"ಅಮ್ಮಾ, ಹೊರಗಿರು," ಎಂದಳು. ತಡವಾಗಿತ್ತು. ಪರದೆ ಬೆಳಗಿತು.

ಪರದೆಯ ಮೇಲೆ ಒಬ್ಬ ಹೆಂಗಸು. ಹತ್ತಿಯ ಸೀರೆ, ಎತ್ತಿ ಕಟ್ಟಿದ ಸೆರಗು, ಕೈಯಲ್ಲಿ ನೆಲ ಒರೆಸುವ ಬಟ್ಟೆ. ಹೌದು, ಬಡವಳೇ. ಕೆಟ್ಟ ತಾಯಿ ಬೇಕಾದಾಗ ಇವರಿಗೆ ನೆಲ ಒರೆಸುವವಳೇ ಕಾಣುತ್ತಾಳೆ. ಮೂಲೆಯಲ್ಲಿ ಮಗು ಬೆರಳು ಆಡಿಸುತ್ತಿದೆ. ಹೆಂಗಸು ಬಟ್ಟೆ ಎಸೆದಳು, ಗೋಡೆಯ ಬೆಲ್ಟು ಎಳೆದಳು, ಬೀಸಿದಳು. ಒಂದು, ಎರಡು, ಏಳು ಸಲ. ಸದ್ದಿಲ್ಲ. ಸದ್ದು ಹೆಜ್ಜೆಯಕ್ಕನ ತೊಡೆಯಿಂದ ಬರಬೇಕು.

ಅಮ್ಮ ಎದ್ದು ನಿಂತಿದ್ದಳು.

"ಆ ಹೆಂಗಸು ಯಾಕಪ್ಪಾ ಮಗೂಗೆ ಹೊಡೀತಾಳೆ?"

ನಿರ್ದೇಶಕ ತಿರುಗಿ ನೋಡಿದ. ಮುದುಕಿಯೊಬ್ಬಳು ಆಸಕ್ತಿಯಿಂದ ಕೇಳುತ್ತಿರುವುದು ಅವನಿಗೆ ಖುಷಿಯಾಯಿತು. ಸಮಾಧಾನವಾಗಿ ವಿವರಿಸಿದ.

"ಅಜ್ಜೀ, ಅವಳು ಮಗನಿಗೆ ಪ್ರೀತಿ ಕೊಡ್ಲಿಲ್ಲ. ಎತ್ತಿ ಮುದ್ದಾಡ್ಲಿಲ್ಲ. ಅದಕ್ಕೇ ಮಗ ಹಿಂಗಾದ. ಆಟಿಸಂ ಅಂತಾರೆ. ಎಲ್ಲ ತಾಯಿಂದಾನೇ ಬರೋದು, ಗೊತ್ತಾ?"

ಅಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಹಾಕಿದಳು. ಮತ್ತೆ ತೆಗೆದಳು.

"ನಾನು ಹೊಡೆದಿಲ್ಲಪ್ಪಾ," ಎಂದಳು.

ಯಾರೂ ಅವಳನ್ನು ಕೇಳಿರಲಿಲ್ಲ. ನಿರ್ದೇಶಕ ಏನೋ ಅರಳುಮರಳು ಅಂದುಕೊಂಡು ನಕ್ಕು ಈಚೆ ತಿರುಗಿದ.

"ನಡಿಯಮ್ಮಾ. ಏಳು ಏಟು. ಜೋರಾಗಿರಲಿ, ಥಿಯೇಟರಲ್ಲಿ ಜನ ಬೆಚ್ಚಿ ಬೀಳಬೇಕು."

ಹೆಜ್ಜೆಯಕ್ಕನ ಕೈಯಲ್ಲಿ ಒದ್ದೆ ಟವೆಲ್ ಇತ್ತು. ನೀರು ತೊಟ್ಟಿಕ್ಕುತ್ತಿತ್ತು. ರೀಲು ಮತ್ತೆ ಬಂತು. ಬೆಲ್ಟು ಬೀಸಿತು. ಅವಳು ಬೀಸಲಿಲ್ಲ.

"ಯಾಕೆ ನಿಂತೆ? ಟವೆಲ್ ಒಣಗಿದ್ಯಾ?"

"ಟವೆಲ್ ಒದ್ದೆ ಇದೆ. ನಾನು ಹೊಡಿಯಲ್ಲ."

"ಕೈ ನೋವಾ?"

"ಕೈ ಚೆನ್ನಾಗಿದೆ. ಸಿಂಕ್ ತಪ್ಪಿದೆ."

ಗಾಜಣ್ಣ ಗಾಬರಿಯಾಗಿ ಮೈಕಿನಲ್ಲಿ ಕೇಳಿದ, "ಎಲ್ಲಿ ಅಕ್ಕಾ? ಯಾವ ರೀಲಲ್ಲಿ?"

"ಇಡೀ ಸಿನಿಮಾದಲ್ಲಿ."

ಅವಳು ಟವೆಲನ್ನು ಬಕೆಟ್ಟಿಗೆ ಹಾಕಿದಳು. ನೆಲ ನೋಡುತ್ತಲೇ ಮಾತಾಡಿದಳು. ದನಿ ಏರಲಿಲ್ಲ.

"ಸದ್ದು ಮೊದಲು ಬಂದಿದೆ, ಕಾಲು ಆಮೇಲೆ ಬಂದಿದೆ. ಏಟು ಬಿದ್ದಿದ್ದಕ್ಕೆ ಮಗು ಹಿಂಗಾಗಲಿಲ್ಲ. ಮಗು ಹಿಂಗಿದ್ದಿದ್ದಕ್ಕೆ ಏಟು ಬಿತ್ತು. ನಂಗೆ ಬಿತ್ತು. ಮೇಷ್ಟ್ರು ಹೊಡೆದರು, ಮಾವ ಹೊಡೆದ, ತಿದ್ದೋ ಶಾಲೆಯವರು ಕುರ್ಚಿಗೆ ಕಟ್ಟಿ ಹೊಡೆದರು. ನಿಮ್ಮ ಸಿನಿಮಾದಲ್ಲಿ ಅಂಥ ಶಾಲೆ ಇದೆ, ನಾಲ್ಕನೇ ರೀಲು. ಅಲ್ಲಿ ಹಿನ್ನೆಲೆಗೆ ಇಂಪಾಗಿ ಪಿಯಾನೋ ಬಾರಿಸಿದ್ದೀರಿ. ಹೊಡೆದವರನ್ನೆಲ್ಲ ಬಿಟ್ಟು, ಹೊಡೆಯದೇ ಇದ್ದ ಒಬ್ಬಳ ಕೈಗೆ ಬೆಲ್ಟು ಕೊಟ್ಟಿದ್ದೀರಿ. ಅವಳು ಅಲ್ಲಿ ನಿಂತಿದ್ದಾಳೆ, ಡಬ್ಬಿ ಹಿಡ್ಕೊಂಡು."

ನಿರ್ದೇಶಕನ ಮುಖ ಅರಳಿತು. ನೀವು ನಂಬಬೇಕು, ಅರಳಿತು!

"ನೀನೂ... ನೀನೂ ಅದೇನಾ? ಅಯ್ಯೋ ಮೊದಲೇ ಹೇಳಬಾರದಿತ್ತಾ! ಹೀರೋನೂ ನೀನೂ ಒಂದು ಸಂದರ್ಶನ ಮಾಡೋಣ. ಪೋಸ್ಟರಲ್ಲಿ ಹೆಸರು ಹಾಕಿಸ್ತೀನಿ. ಅದ್ಸರಿ, ಒಂದು ತಾರೀಖು ಹೇಳ್ತೀನಿ, ಯಾವ ವಾರ ಅಂತ ಹೇಳು ನೋಡೋಣ?"

"ಹಿಂದೆ ಗೋಡೆ ಮೇಲೆ ಕ್ಯಾಲೆಂಡರ್ ಇದೆ. ನೋಡ್ಕೊಳ್ಳಿ."

ಹೀರೋ ಎದ್ದು ಬಂದಿದ್ದ. ಮೊಬೈಲು ಕೈಯಲ್ಲಿತ್ತು. "ಒಂದು ಸೆಲ್ಫಿ," ಎನ್ನುತ್ತ ಹೆಗಲಿಗೆ ಕೈ ಹಾಕಿದ. ಹೆಜ್ಜೆಯಕ್ಕನಿಗೆ ಮೈಗೆ ಬಿಸಿನೀರು ಎರಚಿದಂತಾಯಿತು. ಹಿಂದಕ್ಕೆ ಜಿಗಿದಳು. ಗಂಟಲಿನಿಂದ ಆ ಗುನುಗು ತಾನಾಗಿ ಹೊರಟಿತು, ಹೆಚ್ಚಿತು, ಕೋಣೆ ತುಂಬಿತು.

"ಅದೇ! ಅದೇ ಬೇಕು!" ನಿರ್ದೇಶಕ ಗಾಜಿನ ಕಡೆ ಕೈ ಬೀಸಿದ. "ಹಿಡಿಯಯ್ಯಾ ಅದನ್ನ! ಕ್ಲೈಮ್ಯಾಕ್ಸಿಗೆ ಹಾಕೋಣ!"

ಗಾಜಣ್ಣ ಕೈಕಟ್ಟಿ ಕೂತಿದ್ದ. ಗುಂಡಿಯ ಹತ್ತಿರ ಕೈ ಹೋಗಲಿಲ್ಲ.

ಅಮ್ಮ ಬಂದು ಮಗಳ ಮುಂದೆ ಅಡ್ಡ ನಿಂತಳು. ಮುಟ್ಟಲಿಲ್ಲ. ಒಂದು ಮೊಳ ದೂರದಲ್ಲಿ, ಎಷ್ಟು ದೂರ ಬೇಕೋ ಅಷ್ಟೇ ದೂರದಲ್ಲಿ. ನಲವತ್ತೊಂದು ವರ್ಷದಲ್ಲಿ ಕಲಿತ ಮುದ್ದು ಅದು, ಯಾವ ಡಾಕ್ಟರೂ ಬರೆದುಕೊಂಡಿರಲಿಲ್ಲ. "ದೂರ ಸರಿಯಪ್ಪಾ," ಎಂದಳು ಹೀರೋಗೆ. "ಅವಳಿಗೆ ಮುಟ್ಟಿದ್ರೆ ಆಗಲ್ಲ. ಅಧ್ಯಯನ ಮಾಡಿದ್ಯಂತಲ್ಲ, ಇಷ್ಟೂ ಗೊತ್ತಿಲ್ವಾ?"

ಗುನುಗು ನಿಧಾನಕ್ಕೆ ಇಳಿಯಿತು. ಹೆಜ್ಜೆಯಕ್ಕ ಬೆರಳುಗಳನ್ನು ಪಟಪಟ ಆಡಿಸಿದಳು, ಎಲ್ಲರ ಎದುರಿಗೇ. ಆಮೇಲೆ ಹೇಳಿದಳು.

"ಇಪ್ಪತ್ತು ವರ್ಷ ನಿಮ್ಮ ಹೀರೋಗಳೆಲ್ಲ ನನ್ನ ಕಾಲಲ್ಲಿ ನಡೆದರು. ಯುದ್ಧ ಗೆದ್ದರು, ವಿಮಾನ ಹತ್ತಿದರು, ಹುಡುಗಿ ಹಿಂದೆ ಓಡಿದರು. ಆವಾಗೆಲ್ಲ ಕಾಲು ಸರಿಯಾಗಿತ್ತು. ನಿನ್ನೆ ಒಂದೇ ಒಂದು ಸಲ ನನ್ನ ನಡಿಗೆ ಕೊಟ್ಟೆ. ಆಟಿಸಂ ಬರ್ತಿಲ್ಲ ಅಂದ್ರಿ. ಗಾಜಣ್ಣಾ, ನನ್ನ ಕಾಲು ತೆಗಿ. ಈ ಸಿನಿಮಾದಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ."

"ಏಯ್, ಮುಟ್ಟಿದ್ರೆ ನೋಡು!" ನಿರ್ದೇಶಕ ಗಾಜಣ್ಣನಿಗೆ ಗದರಿದ. "ನಾಳೆಯಿಂದ ಯಾವ ಸ್ಟುಡಿಯೋದಲ್ಲೂ ನಿಂಗೆ ಕೆಲಸ ಇರಲ್ಲ, ಗೊತ್ತಾಯ್ತಾ?"

ಗಾಜಣ್ಣ ಹಣೆಯ ಬೆವರು ಒರೆಸಿಕೊಂಡ. ಇಪ್ಪತ್ತು ವರ್ಷದಲ್ಲಿ ಯಾರಿಗೂ ಎದುರಾಡಿದವನಲ್ಲ. ಅವಳ ಸದ್ದನ್ನೆಲ್ಲ ಅಳಿಸುವ ಗುಂಡಿ ಒತ್ತಿದ.

ಪರದೆಯ ಮೇಲೆ ಹೀರೋನ ಭಾರೀ ಎಂಟ್ರಿ. ಉದ್ದನೆಯ ಓಣಿ, ಹಿಂದೆ ಧೂಳು, ಗಾಳಿಗೆ ಹಾರುವ ಕೋಟು. ನಡೆದು ಬರುತ್ತಿದ್ದಾನೆ, ಸದ್ದಿಲ್ಲ. ಬೂಟು ನೆಲಕ್ಕೆ ಬೀಳುತ್ತದೆ, ಸದ್ದಿಲ್ಲ. ಬಾಗಿಲು ಒದ್ದ, ಅದು ಹತ್ತಿಯ ಹಾಗೆ ತೆರೆಯಿತು. ಖಳನ ಕಪಾಳಕ್ಕೆ ಬಾರಿಸಿದ, ಸೊಳ್ಳೆ ಓಡಿಸಿದ ಹಾಗಿತ್ತು. ಟೀ ಲೋಟ ಎತ್ತಿಕೊಂಡು ಹೋಗಲು ಬಂದಿದ್ದ ಕ್ಯಾಂಟೀನಿನವನು ಬಾಗಿಲಲ್ಲಿ ನಿಂತು ನೋಡಿ ಕಿಸಕ್ಕೆಂದ. ತಡೆಯಲಾರದೆ ಲೋಟಗಳನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

ತಾಯಿ ಮಗಳು ಎರಡು ಗೋಣಿಚೀಲ ತಂದು ಬೂಟು ಚಪ್ಪಲಿ ತುಂಬಿದರು. ರಾಜನ ಮೆಟ್ಟು, ಪೊಲೀಸಿನ ಬೂಟು, ಮದುಮಗಳ ಚಪ್ಪಲಿ, ಮೂವತ್ತೆಂಟು ಜೊತೆ. ಗೋಡೆ ಬೋಳಾಯಿತು. ಹೆಜ್ಜೆಯಕ್ಕ ಒಂದು ಚೀಲ ಬೆನ್ನಿಗೆ ಹಾಕಿಕೊಂಡಳು, ಅಮ್ಮ ಇನ್ನೊಂದನ್ನು ಸೊಂಟಕ್ಕೆ ಏರಿಸಿದಳು.

"ಅನ್ನಕ್ಕೆ ಕಲ್ಲು ಬಿತ್ತು ಅಮ್ಮಾ," ಎಂದಳು ಮಗಳು.

"ಬೀಳಲಿ ಬಿಡೇ. ಕಲ್ಲು ಆರಿಸಿ ಅನ್ನ ಮಾಡೋದು ನಂಗೆ ಹೊಸದಾ? ನಡಿ, ಊಟ ಆರೋಗ್ತಿದೆ."

ಇಬ್ಬರೂ ಮೆಟ್ಟಿಲು ಹತ್ತಿದರು. ನೆಲದ ಮೈಕು ಇನ್ನೂ ತೆರೆದೇ ಇತ್ತು. ಸ್ಪೀಕರಿನಲ್ಲಿ ಎರಡು ಜೊತೆ ಕಾಲು ಕೇಳಿದವು. ಒಂದು ಸವೆದ ಚಪ್ಪಲಿಯದು, ಎಡಗಾಲು ಕೊಂಚ ಎಳೆಯುತ್ತಿತ್ತು. ಇನ್ನೊಂದು ಬೆರಳ ತುದಿ ಮೊದಲು, ಹಿಮ್ಮಡಿ ಆಮೇಲೆ, ಗೋಡೆ ಬದಿ ಹಿಡಿದು, ಭಾರ ಹೊತ್ತು, ಎಲ್ಲೂ ನಿಲ್ಲದೆ. ಇಪ್ಪತ್ತೆರಡು ಮೆಟ್ಟಿಲು.

ನಿರ್ದೇಶಕ ತಲೆ ಎತ್ತಿ ಕೇಳಿಸಿಕೊಂಡ. ಮೈಮೇಲೆ ರೋಮ ಎದ್ದಿತು.

"ಇದೇ ಕಣಯ್ಯಾ! ಇದೇ ನಡಿಗೆ ನಾನು ಕೇಳ್ತಿದ್ದಿದ್ದು! ರೆಕಾರ್ಡ್ ಆಯ್ತಾ?"

"ಇಲ್ಲ ಸಾರ್," ಎಂದ ಗಾಜಣ್ಣ. "ಅದು ಅವರ ನಡಿಗೆ. ಅವರು ಹೋದ್ರು."

"ಹಾಗಾದ್ರೆ ನನ್ನ ಹೀರೋ ಹೆಂಗಯ್ಯಾ ನಡೀತಾನೆ?"

ಗಾಜಣ್ಣ ಮೈಕು ಆರಿಸಿ ಎದ್ದು ನಿಂತ.

"ತಮ್ಮ ಕಾಲಲ್ಲೇ ನಡೀಲಿ ಸಾರ್. ಎರಡಿವೆಯಲ್ಲ."

ಹೀರೋ ಬಗ್ಗಿ ತನ್ನ ಕಾಲು ನೋಡಿಕೊಂಡ.